ಇಂಜೆಕ್ಷನ್ ಗಾಡಿಗೆ ಟ್ಯೂನರ್ ಬಾಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಬೈಕಿಗೆ ಫ್ಯೂಯೆಲ್ ಟ್ಯೂನರ್ ಬಾಕ್ಸ್, ಅಂದರೆ ಇಂಜಿನ್ನಿಗೆ ಹೋಗುವ ಪೆಟ್ರೋಲಿನ ಅಳತೆ ತಿದ್ದುವ ಪೆಟ್ಟಿಗೆ, ಹಾಕಿ ಆರು ವರ್ಷ ಆಯಿತು. ಗಾಡಿ ಓಡಿಸಿ ನೋಡಿದ ಗೆಳೆಯರು ತಾವೂ ಹಾಕಿಸಿಕೊಂಡರು. ಅವರ ಗಾಡಿ ನೋಡಿ ಇನ್ನೂ ಕೆಲವರು ಹಾಕಿಸಿಕೊಂಡರು. ಈಗ ಯಾರ ಗಾಡಿ ಮಿಸ್ ಹೊಡೆದರೂ ಫೋನ್ ನನಗೇ ಬರುತ್ತದೆ. ಗ್ಯಾರೇಜಿನಲ್ಲಿ, ಚಹಾ ಅಂಗಡಿಯಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಶುರುವಿಗೆ

ಈ ಬಾಕ್ಸ್ ನಿಜವಾಗಿ ಏನು ಮಾಡುತ್ತೆ? ಕಂಪನಿ ಇಸಿಯು ತೆಗೆದು ಇದನ್ನ ಹಾಕ್ತಾರಾ?

ಇಲ್ಲ. ಕಂಪನಿಯ ಇಸಿಯು, ಅಂದರೆ ಇಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ಇದ್ದಲ್ಲೇ ಇರುತ್ತದೆ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಲೆಕ್ಕ ಹಾಕುವುದು ಈಗಲೂ ಅದೇ. ಆ ಲೆಕ್ಕ ಮಿಲಿಸೆಕೆಂಡುಗಳಲ್ಲಿ ನಡೆಯುತ್ತದೆ. ಬಾಕ್ಸ್ ಇಸಿಯುಗೂ ಇಂಜೆಕ್ಟರಿಗೂ ನಡುವೆ ಕೂರುತ್ತದೆ. ಇಸಿಯು 4 ಮಿಲಿಸೆಕೆಂಡ್ ಅಂದರೆ, ಬಾಕ್ಸಿನ ಟೇಬಲ್ಲಿನಲ್ಲಿ ಆ ಜಾಗದಲ್ಲಿ +5 ಪರ್ಸೆಂಟ್ ಇದ್ದರೆ, ಇಂಜೆಕ್ಟರ್ 4.2 ಮಿಲಿಸೆಕೆಂಡ್ ತೆರೆದಿರುತ್ತದೆ. ಟೇಬಲ್ಲಿನ ಒಂದು ಕಡೆ ಆರ್‌ಪಿಎಮ್, ಇನ್ನೊಂದು ಕಡೆ ಆಕ್ಸಿಲರೇಟರ್ ಎಷ್ಟು ಪರ್ಸೆಂಟ್ ತಿರುಗಿದೆ ಅನ್ನುವುದು. ಈ ಟೇಬಲ್ಲಿಗೇ ಮ್ಯಾಪ್ ಅನ್ನುತ್ತೇವೆ.

ಕೆಲವು ಬಾಕ್ಸ್ ಪೆಟ್ರೋಲ್ ಮಾತ್ರ ನೋಡಿಕೊಳ್ಳುತ್ತವೆ. ಕೆಲವು ಇಗ್ನಿಷನ್ ಟೈಮಿಂಗನ್ನೂ, ಅಂದರೆ ಪ್ಲಗ್ಗಿನ ಕಿಡಿ ಬೀಳುವ ಹೊತ್ತನ್ನೂ ಮುಟ್ಟುತ್ತವೆ. ಅಮೆರಿಕದ ಡೈನೋಜೆಟ್‌ನ ಪವರ್ ಕಮಾಂಡರ್ ಹಳೆಯ ಹೆಸರು. ನಮ್ಮಲ್ಲಿ ಜಾಸ್ತಿ ಕಾಣುವ ಪವರ್‌ಟ್ರಾನಿಕ್ ಮತ್ತು ಫ್ಯೂಯೆಲ್‌ಎಕ್ಸ್ ಬೆಂಗಳೂರಿನ ರೇಸ್ ಡೈನಾಮಿಕ್ಸ್ ಮಾಡುವಂಥವು. ಇಸಿಯು ಒಳಗಿನ ಪ್ರೋಗ್ರಾಮನ್ನೇ ಬದಲಿಸುವ ರೀಫ್ಲ್ಯಾಶ್ ಬೇರೆ ವಿಷಯ. ಅದನ್ನು ಇಲ್ಲಿ ಹೇಳಿಲ್ಲ.

ನನ್ನ ಗಾಡಿ ಪೂರ್ತಿ ಸ್ಟಾಕ್, ಕಂಪನಿಯಿಂದ ಬಂದ ಹಾಗೇ ಇದೆ. ನಂಗೂ ಬೇಕಾ?

ಹೊಗೆಯ ನಿಯಮಕ್ಕೆ ಹೊಂದಲಿ ಅಂತ ಕಂಪನಿಗಳು ಪೆಟ್ರೋಲನ್ನು ಬಿಗಿಯಾಗಿ ಲೆಕ್ಕ ಹಾಕಿ ಬಿಡುತ್ತವೆ. ಟ್ರಾಫಿಕ್ಕಿನಲ್ಲಿ ಇಂಜಿನ್ ಬಿಸಿಯಾಗುವುದು, ಕಡಿಮೆ ಆರ್‌ಪಿಎಮ್ಮಿನಲ್ಲಿ ತಟತಟ ಎಳೆದಾಡುವುದು ಸ್ವಲ್ಪ ಮಟ್ಟಿಗೆ ಅದರಿಂದಲೇ. ಒಳ್ಳೆ ಮ್ಯಾಪ್ ಇದ್ದರೆ ಅದು ಕಡಿಮೆಯಾಗುತ್ತದೆ. ಆದರೆ ಅದಕ್ಕೂ ಮುಂಚೆ ಏರ್ ಫಿಲ್ಟರ್, ಪ್ಲಗ್, ಟ್ಯಾಪೆಟ್, ಚೈನ್ ಸರಿ ಮಾಡಿಸಿ ಒಂದು ತಿಂಗಳು ಓಡಿಸಿ. ಎಷ್ಟೋ ಜನರಿಗೆ ಅಷ್ಟರಲ್ಲೇ ಬಾಕ್ಸಿನ ಆಸೆ ಹೋಗಿದೆ.

ತೊಂದರೆ ಬಾಕ್ಸಿಂದಾ, ಗಾಡಿದಾ? ಹೇಗೆ ಗೊತ್ತಾಗುತ್ತೆ?

ಬೇರೆ ಏನನ್ನೂ ಬಿಚ್ಚುವ ಮುಂಚೆ ಇದನ್ನು ತಿಳಿದುಕೊಳ್ಳಿ. ಇಲ್ಲದಿದ್ದರೆ ಸುಮ್ನೆ ದುಡ್ಡು ಖರ್ಚು.

ಮೊದಲು ಬಾಕ್ಸಿಗೆ ಜೀರೊ ಮ್ಯಾಪ್ ಹಾಕಿ. ಅಂದರೆ ಟೇಬಲ್ಲಿನ ಎಲ್ಲ ಮನೆಗಳಲ್ಲೂ 0. ಆಗ ಬಾಕ್ಸ್ ಇಸಿಯು ಹೇಳಿದ್ದನ್ನು ಹಾಗೇ ದಾಟಿಸುತ್ತದೆ. ತೊಂದರೆ ಹೋದರೆ ತಪ್ಪು ಮ್ಯಾಪಿನಲ್ಲಿದೆ, ಬಾಕ್ಸ್ ಚೆನ್ನಾಗಿದೆ. ಹೋಗದಿದ್ದರೆ ಬಾಕ್ಸನ್ನೇ ಬಿಡಿಸಿ, ಗಾಡಿಯ ಕಪ್ಲರ್‌ಗಳನ್ನು (ವೈರುಗಳನ್ನು ಜೋಡಿಸುವ ಪ್ಲಗ್ಗುಗಳನ್ನು) ಮೊದಲಿದ್ದ ಹಾಗೆ ಸೇರಿಸಿ. ಕೆಲವು ಕಿಟ್ಟಿನ ಜೊತೆ ಇದಕ್ಕೆಂದೇ ಬೈಪಾಸ್ ಪ್ಲಗ್ ಬರುತ್ತದೆ. ಈಗ ಸರಿಯಾದರೆ ಬಾಕ್ಸ್, ಅದರ ವೈರ್ ಅಥವಾ ಅರ್ಥ್ (ನೆಗೆಟಿವ್ ಕಡೆಯ ವೈರ್) ನೋಡಬೇಕು. ಇಷ್ಟಾದರೂ ತೊಂದರೆ ಹಾಗೇ ಇದ್ದರೆ ಅದು ಗಾಡಿಯದ್ದೇ. ಬಾಕ್ಸಿಗೆ ಬೈದು ಪ್ರಯೋಜನವಿಲ್ಲ.

ಇಲ್ಲಿ ಎರಡು ಕಡೆ ಜನ ಮೋಸ ಹೋಗುತ್ತಾರೆ. ಕಪ್ಲರ್ ಕಿತ್ತು ಮತ್ತೆ ಹಾಕಿದಾಗ ಒಳಗಿನ ಪಿನ್ ಉಜ್ಜಿಕೊಂಡು ತಾನೇ ಸ್ವಚ್ಛವಾಗುತ್ತದೆ. ಎರಡು ದಿನ ಗಾಡಿ ಚೆನ್ನಾಗಿ ಓಡುತ್ತದೆ. ನೋಡಿ, ಬಾಕ್ಸ್ ತೆಗೆದಿದ್ದಕ್ಕೆ ಸರಿಹೋಯಿತು ಅನ್ನುತ್ತಾರೆ. ಆದ್ದರಿಂದ ಬಾಕ್ಸನ್ನು ಮತ್ತೆ ಹಾಕಿ ತೊಂದರೆ ತಿರುಗಿ ಬರುತ್ತದೆಯೇ ಅಂತಲೂ ನೋಡಬೇಕು. ಎರಡನೆಯದು, ಸೈಲೆನ್ಸರ್ ಅಥವಾ ಏರ್ ಫಿಲ್ಟರ್ ಬದಲಾಯಿಸಿರುವ ಗಾಡಿಗೆ ಜೀರೊ ಮ್ಯಾಪಿನಲ್ಲಿ ಪೆಟ್ರೋಲ್ ಸಾಲದೇ ಹೋಗಬಹುದು. ಪರೀಕ್ಷೆ ಮಾಡುವಾಗ ಪೂರ್ತಿ ಆಕ್ಸಿಲರೇಟರ್ ತಿರುಗಿಸಬೇಡಿ.

ಮನೇಲಿ ನೋಡೋಕೆ ಏನೇನು ಬೇಕು?

ಒಂದು ಮಲ್ಟಿಮೀಟರ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಕಪ್ಲರಿಗೆ ನೀರು ತಾಗದಂತೆ ಸವರುವ ಡೈಎಲೆಕ್ಟ್ರಿಕ್ ಗ್ರೀಸ್, ಟಾರ್ಚ್, ಕೇಬಲ್ ಟೈ. ಇದರ ಜೊತೆಗೆ ಒಂದು ನೋಟ್‌ಬುಕ್. ಯಾವ ದಿನ ಏನು ಬದಲಿಸಿದಿರಿ ಅಂತ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

## ಸ್ಟಾರ್ಟಿಂಗ್ ಮತ್ತು ಕರೆಂಟು

ಬಾಕ್ಸ್ ಹಾಕಿದ್ಮೇಲೆ ಸ್ಟಾರ್ಟೇ ಆಗ್ತಿಲ್ಲ. ಸೆಲ್ಫ್ ತಿರುಗುತ್ತೆ, ಇಂಜಿನ್ ಹಿಡಿಯಲ್ಲ. ಬಾಕ್ಸ್ ಹೋಯ್ತಾ?

ಹೋಗಿರುವ ಸಾಧ್ಯತೆ ತೀರಾ ಕಡಿಮೆ. ಕೀ ಆನ್ ಮಾಡಿ ಕಿವಿಗೊಡಿ. ಟ್ಯಾಂಕಿನೊಳಗೆ ಪಂಪು ಎರಡು ಮೂರು ಸೆಕೆಂಡ್ ಝುಂಯ್ ಅಂದು ನಿಲ್ಲಬೇಕು. ಶಬ್ದ ಬರದಿದ್ದರೆ ಕಿಲ್ ಸ್ವಿಚ್, ಫ್ಯೂಸ್, ಪಂಪಿನ ಕಪ್ಲರ್ ನೋಡಿ. ಬಾಕ್ಸ್ ಹಾಕಲು ಟ್ಯಾಂಕ್ ಎತ್ತಿರುತ್ತಾರೆ. ಆ ಕಪ್ಲರನ್ನು ಮತ್ತೆ ಹಾಕುವಾಗ ಟಕ್ ಅನ್ನುವ ತನಕ ಒತ್ತದೇ ಇರುವುದು ಸಾಮಾನ್ಯ.

ಪಂಪು ಸರಿ ಇದ್ದರೆ ಬಾಕ್ಸಿನ ಲೈಟ್ ಹತ್ತುತ್ತಿದೆಯೇ ನೋಡಿ. ಟೈಮಿಂಗ್ ಮುಟ್ಟುವ ಬಾಕ್ಸ್ ಆದರೆ ಕ್ರ್ಯಾಂಕ್ ಸೆನ್ಸರಿನ ವೈರ್ ಅದರ ಮೂಲಕವೇ ಇಸಿಯುಗೆ ಹೋಗುತ್ತದೆ. ಬಾಕ್ಸಿಗೆ ಕರೆಂಟ್ ಅಥವಾ ಅರ್ಥ್ ಸಿಗದಿದ್ದರೆ ಇಂಜಿನ್ ತಿರುಗುತ್ತಿರುವುದೇ ಇಸಿಯುಗೆ ಗೊತ್ತಾಗುವುದಿಲ್ಲ. ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಕ್ರ್ಯಾಂಕ್ ಸೆನ್ಸರಿನ ಕಪ್ಲರ್ ಬಿಚ್ಚಿ ಟಾರ್ಚ್ ಬಿಡಿ. ಒಂದು ಪಿನ್ ಬೇರೆಯವುಗಳಿಗಿಂತ ಹಿಂದೆ ಸರಿದಿದ್ದರೆ ಕಳ್ಳ ಸಿಕ್ಕ ಹಾಗೆ. ಹೊರಗಿನಿಂದ ಕಪ್ಲರ್ ಗಟ್ಟಿಯಾಗಿ ಕೂತಂತೆ ಕಂಡರೂ ಒಳಗೆ ಪಿನ್ ಮುಟ್ಟುತ್ತಿರುವುದಿಲ್ಲ.

ಬ್ಯಾಟರಿಯನ್ನೂ ಅಳೆಯಿರಿ. ಗಾಡಿ ನಿಂತಾಗ 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಒತ್ತಿದಾಗ 10ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಮೋಟಾರ್ ತಿರುಗಿದರೂ ಬಾಕ್ಸ್ ಮತ್ತು ಇಸಿಯು ತಡವರಿಸುತ್ತವೆ.

ಓಡ್ತಾ ಓಡ್ತಾ ಒಮ್ಮೊಮ್ಮೆ ಇಂಜಿನ್ ಕಟ್ ಆಗುತ್ತೆ. ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಸರಿ ಇರುತ್ತೆ.

ಇದು ನನ್ನನ್ನೇ ಎರಡು ತಿಂಗಳು ಕಾಡಿತು. ಚಾರ್ಮಾಡಿ ಘಾಟಿಯಲ್ಲಿ ಬಲಕ್ಕೆ ತಿರುಗುವ ಒಂದು ತಿರುವಿನಲ್ಲಿ ಇಂಜಿನ್ ಒಂದೇ ಸಲ ಸುಮ್ಮನಾಯಿತು. ಹಿಂದೆ ಬಸ್ಸು. ಆ ಭಯ ಇವತ್ತಿಗೂ ನೆನಪಿದೆ. ಮನೆಗೆ ಬಂದು ಮ್ಯಾಪ್ ಬದಲಿಸಿದೆ, ಪ್ಲಗ್ ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ಟ್ಯಾಂಕ್ ಎತ್ತಿ ಬಾಕ್ಸಿನ ವೈರನ್ನು ಬೆರಳಿನಲ್ಲಿ ಸವರುತ್ತಾ ಹೋದೆ. ಟ್ಯಾಂಕಿನ ಬ್ರ್ಯಾಕೆಟ್ಟಿಗೂ ಚಾಸಿಗೂ ನಡುವೆ ಕಪ್ಪು ವೈರ್ ಒತ್ತಿಕೊಂಡು, ರಾಗಿಕಾಳಿನಷ್ಟು ಜಾಗದಲ್ಲಿ ಹೊದಿಕೆ ಸವೆದಿತ್ತು. ಒಳಗೆ ತಾಮ್ರದ ಎಳೆಗಳು ಮುರಿದು ಎರಡೇ ಎಳೆ ಉಳಿದಿದ್ದವು. ಅದು ಬಾಕ್ಸಿನ ಅರ್ಥ್ ವೈರ್.

ಇದನ್ನು ಹಿಡಿಯಲು ಇಂಜಿನ್ ಐಡ್ಲಿಂಗಿನಲ್ಲಿ ಇಟ್ಟು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಆಮೇಲೆ ಬಾಕ್ಸಿನ ವೈರನ್ನು ಗೇಣು ಗೇಣು ಜಾಗದಲ್ಲಿ ಅಲ್ಲಾಡಿಸುತ್ತಾ ಹೋಗಿ. ಎಲ್ಲಿ ಸದ್ದು ಬದಲಾಯಿತೋ ಅಲ್ಲಿ ನೋಡಿ. ಅರ್ಥ್ ವೈರನ್ನು ಪೇಂಟ್ ಇರುವ ಚಾಸಿ ಬೋಲ್ಟಿಗೆ ಹಾಕಿದ್ದರೆ ತೆಗೆದು ನೇರ ಬ್ಯಾಟರಿಯ ನೆಗೆಟಿವ್‌ಗೆ ತನ್ನಿ. ವೈರಿಗೆ ಚುಚ್ಚಿ ಒತ್ತುವ ಪ್ಲಾಸ್ಟಿಕ್ ಕ್ಲಿಪ್ ಹಾಕಿದ್ದರೆ ಅದನ್ನೂ ತೆಗೆದು ಬೆಸುಗೆ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ.

ಪ್ರತಿ ಸಲ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿದ ಮೇಲೆಯೇ ನಿಲ್ಲುತ್ತಿದ್ದರೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಗಾಳಿ ಸುಯ್ ಅಂತ ಒಳಗೆ ಎಳೆದುಕೊಂಡರೆ, ಟ್ಯಾಂಕ್ ಕೂರಿಸುವಾಗ ಗಾಳಿಯ ಪೈಪ್ ಮಡಚಿಕೊಂಡಿದೆ. ಅದಕ್ಕೂ ಬಾಕ್ಸಿಗೂ ಸಂಬಂಧ ಇಲ್ಲ.

ಮಳೆ ಬಂದ್ರೆ ಮಾತ್ರ ಮಿಸ್ಸಿಂಗ್. ಬಿಸಿಲಿದ್ರೆ ಏನೂ ಇಲ್ಲ.

ಕಪ್ಲರಿನೊಳಗೆ ನೀರು. ವೈರ್ ಮೇಲಿನಿಂದ ಇಳಿದು ನೇರ ಕಪ್ಲರಿಗೆ ಹೋಗುತ್ತಿದ್ದರೆ ನೀರೂ ಅದೇ ದಾರಿ ಹಿಡಿಯುತ್ತದೆ. ಕಪ್ಲರಿಗೆ ಮುಂಚೆ ವೈರ್ ಸ್ವಲ್ಪ ಕೆಳಗೆ ಜೋತು ಮೇಲೇರುವ ಹಾಗೆ ಕಟ್ಟಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಕಪ್ಲರ್ ಒಳಗಿನ ರಬ್ಬರ್ ಸೀಲ್ ಇದೆಯೇ ನೋಡಿ, ಕ್ಲೀನರ್ ಹೊಡೆದು ಒಣಗಿಸಿ, ಸ್ವಲ್ಪ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಬಾಕ್ಸಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಬಿಗಿಯಾಗಿ ಕಟ್ಟಬೇಡಿ. ಒಳಗೆ ಬೆವರಿದ ನೀರು ಹೊರಗೆ ಬರಲು ದಾರಿ ಇರುವುದಿಲ್ಲ. ವಾಟರ್ ಸರ್ವಿಸ್ ಮಾಡಿಸುವಾಗ ಸೀಟಿನ ಕೆಳಗೆ ಪ್ರೆಶರ್ ಗನ್ ಹಿಡಿಯಬೇಡಿ ಅಂತ ನಿಂತು ಹೇಳಿ. ಆಗುಂಬೆ, ಸಕಲೇಶಪುರದ ಕಡೆ ಇರುವವರು ಈ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ.

ಹತ್ತು ದಿನ ಊರಿಗೆ ಹೋಗಿ ಬಂದ್ರೆ ಬ್ಯಾಟರಿ ಡೌನ್.

ಬಾಕ್ಸಿನ ಪ್ಲಸ್ ವೈರನ್ನು ನೇರ ಬ್ಯಾಟರಿಗೆ ಹಾಕಿರಬಹುದು. ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ವೈರಿಗೆ ಬದಲಿಸಿ. ಖಾತ್ರಿ ಮಾಡಿಕೊಳ್ಳಲು ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ನಡುವೆ ಮಲ್ಟಿಮೀಟರನ್ನು ಆಂಪಿಯರ್ ಸೆಟ್ಟಿಂಗಿನಲ್ಲಿ ಇಡಿ. ಒಂದೆರಡು ಮಿಲಿಆಂಪಿಯರ್ ಇದ್ದರೆ ಗಡಿಯಾರ, ಮೀಟರಿನದ್ದು. 50 ಮಿಲಿಆಂಪಿಯರ್ ತೋರಿಸಿದರೆ ದಿನಕ್ಕೆ 1.2 ಆಂಪಿಯರ್-ಅವರ್ ಹೋಗುತ್ತಿದೆ. 8 ಆಂಪಿಯರ್-ಅವರ್ ಬ್ಯಾಟರಿ ವಾರದೊಳಗೆ ಖಾಲಿ.

## ಓಡುವಾಗ

ಮೊದಲ ವಾರ ಸೂಪರಾಗಿತ್ತು. ಆಮೇಲೆ ಹಳೇ ಗಾಡಿ ಥರಾನೇ ಆಯ್ತು. ಯಾಕೆ?

ನನಗೆ ಬರುವ ಪ್ರಶ್ನೆಗಳಲ್ಲಿ ತುಂಬಾ ಮುಖ್ಯವಾದದ್ದು ಇದು. ಇದು ಅರ್ಥವಾದರೆ ಅರ್ಧ ಟ್ಯೂನಿಂಗ್ ಅರ್ಥವಾದಂತೆ.

ಇಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇದೆ. ಪೆಟ್ರೋಲ್ ಸರಿಯಾಗಿ ಉರಿಯಲು 1 ಗ್ರಾಂಗೆ 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಕಡಿಮೆಯಾದರೆ ಸೆನ್ಸರ್ 0.1 ವೋಲ್ಟ್ ಹತ್ತಿರ ತೋರಿಸುತ್ತದೆ, ಜಾಸ್ತಿಯಾದರೆ 0.9 ಹತ್ತಿರ. ಇಸಿಯು 0.45ರ ಆಚೀಚೆ ಅದನ್ನು ತೂಗಿಸುತ್ತಾ ಇರುತ್ತದೆ. ಇದೇ ಕ್ಲೋಸ್ಡ್ ಲೂಪ್. ಹೈವೇಯಲ್ಲಿ ಒಂದೇ ಸ್ಪೀಡಿನಲ್ಲಿ ಹೋಗುವಾಗ, ಊರಿನಲ್ಲಿ ನಿಧಾನಕ್ಕೆ ಓಡಿಸುವಾಗ ಗಾಡಿ ಹೆಚ್ಚಾಗಿ ಇದರಲ್ಲೇ ಇರುತ್ತದೆ. ಪೂರ್ತಿ ಆಕ್ಸಿಲರೇಟರ್ ತಿರುಗಿಸಿದಾಗ ಇಸಿಯು ಸೆನ್ಸರಿನ ಮಾತು ಬಿಟ್ಟು ತನ್ನ ಟೇಬಲ್ಲಿಗೆ ಹೋಗುತ್ತದೆ.

ಈಗ ನೀವು ಬಾಕ್ಸಿನಿಂದ 6 ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಮಾಡಿದಿರಿ. ಸೆನ್ಸರ್ ಅದನ್ನು ಹಿಡಿಯಿತು, ಇಸಿಯು 6 ಪರ್ಸೆಂಟ್ ಕಡಿಮೆ ಮಾಡಿತು. ನೀವು ಸಾರಿಗೆ ಉಪ್ಪು ಹಾಕುತ್ತೀರಿ, ಹಿಂದೆಯೇ ಅಮ್ಮ ಬಂದು ರುಚಿ ನೋಡಿ ಒಂದು ಲೋಟ ನೀರು ಸುರಿಯುತ್ತಾರೆ. ಕೆಲವು ದಿನ ಹೀಗೆ ನಡೆದ ಮೇಲೆ ಇಸಿಯು ಅದನ್ನು ಕಲಿತುಬಿಡುತ್ತದೆ. ಆಮೇಲೆ ಸೆನ್ಸರ್ ಹೇಳುವ ಮುಂಚೆಯೇ ಕಡಿಮೆ ಬಿಡುತ್ತದೆ. ಕೆಲವು ಇಸಿಯುಗಳು ಹೀಗೆ ಕಲಿತದ್ದನ್ನು ಪೂರ್ತಿ ಆಕ್ಸಿಲರೇಟರಿನಲ್ಲೂ ಬಳಸುತ್ತವೆ. ಆಗ ಬೇಕಾದ ಜಾಗದಲ್ಲೂ ಪೆಟ್ರೋಲ್ ಕಡಿಮೆ ಬೀಳುತ್ತದೆ.

ಅದಕ್ಕೇ ಅನೇಕ ಕಿಟ್ಟುಗಳಲ್ಲಿ ಸೆನ್ಸರಿಗೆ ಸೇರಿಸುವ ಒಂದು ಭಾಗ ಬರುತ್ತದೆ. ಕೆಲವು ಸೆನ್ಸರಿನ ಸಿಗ್ನಲನ್ನು ಸ್ವಲ್ಪ ಬದಲಿಸಿ, ಇಸಿಯು ತಾನಾಗೇ ತುಸು ಜಾಸ್ತಿ ಬಿಡುವ ಹಾಗೆ ಮಾಡುತ್ತವೆ. ಕೆಲವು ಸೆನ್ಸರಿನ ಜಾಗದಲ್ಲಿ ಒಂದೇ ವೋಲ್ಟೇಜ್ ತೋರಿಸುತ್ತಾ ಇರುತ್ತವೆ. ನಿಮ್ಮ ಗಾಡಿಯಲ್ಲಿ ಆ ಭಾಗ ಹಾಕಿದ್ದಾರಾ, ಅದರ ಕಪ್ಲರ್ ಕೂತಿದೆಯಾ ನೋಡಿ. ಡಬ್ಬದಲ್ಲೇ ಉಳಿದಿದ್ದನ್ನು ನಾನೇ ಎರಡು ಸಲ ಕಂಡಿದ್ದೇನೆ. ಅದನ್ನು ಹಾಕಿದ ಮೇಲೆ ಇಸಿಯು ಕಲಿತದ್ದನ್ನು ಅಳಿಸಬೇಕು. ಕೆಲವು ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿಟ್ಟರೆ ಸಾಕು, ಕೆಲವಕ್ಕೆ ಇಸಿಯು ಓದುವ ಸ್ಕ್ಯಾನರ್ ಬೇಕು.

ಮೈಲೇಜ್ 30 ಇದ್ದದ್ದು 22ಕ್ಕೆ ಇಳೀತು. ಇದು ಸಹಜಾನಾ?

ಅಷ್ಟು ಇಳಿಯುವುದು ಸಹಜ ಅಲ್ಲ. ಮೊದಲು ಸರಿಯಾಗಿ ಅಳೆಯಿರಿ. ಅದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿ, 200 ಕಿ.ಮೀ. ಓಡಿಸಿ, ಮತ್ತೆ ಫುಲ್ ಮಾಡಿ ಭಾಗಿಸಿ. ಮೀಟರಿನಲ್ಲಿ ತೋರಿಸುವ ಮೈಲೇಜ್ ನಂಬಬೇಡಿ. ಆ ಲೆಕ್ಕ ಇಸಿಯು ಬಿಟ್ಟ ಪೆಟ್ರೋಲಿನದ್ದು, ಬಾಕ್ಸ್ ಸೇರಿಸಿದ್ದು ಅದರಲ್ಲಿ ಬರುವುದಿಲ್ಲ. ನಿಜವಾಗಿಯೂ ಇಳಿದಿದ್ದರೆ ಆಕ್ಸಿಜನ್ ಸೆನ್ಸರ್ ಎಲ್ಲೂ ಸೇರದೆ ಸುಮ್ಮನೆ ಜೋತಾಡುತ್ತಿದೆಯೇ ನೋಡಿ. ಪ್ಲಗ್ ಬಿಚ್ಚಿ. ಒಣ ಕಪ್ಪು ಮಸಿ ಇದ್ದರೆ ಮ್ಯಾಪ್ ಜಾಸ್ತಿ ಕುಡಿಸುತ್ತಿದೆ. ತಿಳಿ ಕಂದು ಬಣ್ಣ ಇದ್ದರೆ ಮ್ಯಾಪ್ ಬಿಟ್ಟು ಬ್ರೇಕ್ ಹಿಡಿಯುತ್ತಿದೆಯೇ, ಟೈರಿನಲ್ಲಿ ಗಾಳಿ ಇದೆಯೇ ನೋಡಿ.

ಆಕ್ಸಿಲರೇಟರ್ ಬಿಟ್ರೆ ಸೈಲೆನ್ಸರಲ್ಲಿ ಪಟಪಟ ಅನ್ನುತ್ತೆ.

ಅಲ್ಲೊಂದು ಇಲ್ಲೊಂದು ಸಣ್ಣ ಪಟ್ ಅಂದರೆ ಚಿಂತೆ ಬೇಡ. ಖಾಲಿ ಸೈಲೆನ್ಸರಿನಲ್ಲಿ ಅದು ಇದ್ದದ್ದೇ. ಸರಮಾಲೆ ಪಟಾಕಿ ಥರ ಹೊಡೆದರೆ ಎಲ್ಲೋ ಹೊರಗಿನ ಗಾಳಿ ಒಳಗೆ ಸೇರುತ್ತಿದೆ. ಬೆಂಡ್ ಪೈಪ್ ಇಂಜಿನ್ನಿಗೆ ಸೇರುವ ಗ್ಯಾಸ್ಕೆಟ್, ಸೈಲೆನ್ಸರ್ ಸೇರುವ ಕ್ಲ್ಯಾಂಪ್ ನೋಡಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆಯನ್ನು ಒಂದು ಕ್ಷಣ ಹಿಡಿದು, ಆ ಜಾಗಗಳಿಗೆ ಸೋಪು ನೀರು ಹಚ್ಚಿ. ನೊರೆ ಎದ್ದಲ್ಲಿ ಲೀಕ್.

ಇದನ್ನು ಸದ್ದಿನ ವಿಷಯ ಅಂತ ಬಿಡಬೇಡಿ. ಲೀಕ್ ಸೆನ್ಸರಿಗಿಂತ ಮುಂಚೆ ಇದ್ದರೆ ಹೊರಗಿನ ಆಕ್ಸಿಜನ್ ಸೆನ್ಸರಿಗೆ ಬಡಿದು, ಪೆಟ್ರೋಲ್ ಸಾಲದು ಅಂತ ಅದು ಸುಳ್ಳು ಹೇಳುತ್ತದೆ. ಇಸಿಯು ನಂಬಿ ಇನ್ನೂ ಸುರಿಯುತ್ತದೆ. ನೀವು ಮ್ಯಾಪಿನಲ್ಲಿ ಎಷ್ಟು ತಿದ್ದಿದರೂ ಲೆಕ್ಕ ಕೂಡುವುದಿಲ್ಲ.

ಕಡಿಮೆ ಸ್ಪೀಡಲ್ಲಿ ಜರ್ಕ್ ಜರ್ಕ್. ಮೇಲೆ ಹೋದ್ರೆ ಬೆಣ್ಣೆ ಥರ ಹೋಗುತ್ತೆ.

ಬಾಕ್ಸಿಗೆ ಆಕ್ಸಿಲರೇಟರ್ ಎಲ್ಲಿದೆ ಅಂತ ಸರಿಯಾಗಿ ಗೊತ್ತಿಲ್ಲ. ಥ್ರಾಟಲ್ ಸೆನ್ಸರಿಗೆ 5 ವೋಲ್ಟ್ ಕೊಡುತ್ತಾರೆ. ಮುಚ್ಚಿದಾಗ ಸುಮಾರು ಅರ್ಧ ವೋಲ್ಟ್, ಪೂರ್ತಿ ತೆರೆದಾಗ 4ರ ಆಸುಪಾಸು ಬರುತ್ತದೆ. ಲ್ಯಾಪ್‌ಟಾಪ್ ಸೇರಿಸಿ, ಕೀ ಆನ್, ಇಂಜಿನ್ ಆಫ್. ಆಕ್ಸಿಲರೇಟರ್ ಬಿಟ್ಟಾಗ ಸಾಫ್ಟ್‌ವೇರಿನಲ್ಲಿ 0, ಪೂರ್ತಿ ತಿರುಗಿಸಿದಾಗ 100 ತೋರಿಸಬೇಕು. ಬಿಟ್ಟಾಗಲೇ 3 ತೋರಿಸುತ್ತಿದ್ದರೆ ಬಾಕ್ಸ್ ಯಾವಾಗಲೂ ಪಕ್ಕದ ಸಾಲನ್ನು ಓದುತ್ತಿದೆ. ಮೇಲಿನ ಸ್ಪೀಡಿನಲ್ಲಿ ಮೂರು ಪರ್ಸೆಂಟ್ ಗೊತ್ತಾಗುವುದಿಲ್ಲ. ಆದರೆ ಟ್ರಾಫಿಕ್ಕಿನಲ್ಲಿ ನಾವು ಓಡಿಸುವುದೇ 3ರಿಂದ 10 ಪರ್ಸೆಂಟಿನ ಒಳಗೆ ಅಲ್ವಾ? ಸಾಫ್ಟ್‌ವೇರಿನಲ್ಲಿ ಥ್ರಾಟಲ್ ಕ್ಯಾಲಿಬ್ರೇಷನ್ ಮತ್ತೆ ಮಾಡಿ. 2017 ಮತ್ತು ಆಮೇಲಿನ ಡ್ಯೂಕ್ 390 ಥರ ಕೇಬಲ್ ಇಲ್ಲದ ರೈಡ್ ಬೈ ವೈರ್ ಗಾಡಿಯಾದರೆ ಕಿಟ್ಟಿನ ಪುಸ್ತಕದಲ್ಲಿ ಹೇಳಿದ ಕ್ರಮದಲ್ಲೇ ಮಾಡಿ.

ಇದಾದರೂ ಜರ್ಕ್ ಇದ್ದರೆ ಚೈನ್ ಸಡಿಲ ಮತ್ತು ಆಕ್ಸಿಲರೇಟರ್ ಕೇಬಲ್ಲಿನ ಸಡಿಲ ನೋಡಿ. ಎರಡೂ ಥೇಟ್ ಟ್ಯೂನಿಂಗ್ ತೊಂದರೆಯ ಹಾಗೇ ಅನಿಸುತ್ತವೆ.

ಏರಲ್ಲಿ ಇಂಜಿನ್ ಟಕಟಕ ಅನ್ನುತ್ತೆ. ಪವರ್ ಮ್ಯಾಪ್ ಹಾಕಿದ್ಮೇಲೆ ಶುರುವಾಯ್ತು.

ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ ಕೇಳುತ್ತಿದ್ದರೆ ಅದು ನಾಕಿಂಗ್, ಅಂದರೆ ಇಂಜಿನ್ನಿನೊಳಗೆ ಪೆಟ್ರೋಲ್ ತಾನಾಗೇ ಸಿಡಿಯುವುದು. ಆಗಲೇ ಆಕ್ಸಿಲರೇಟರ್ ಇಳಿಸಿ, ಗೇರ್ ಕಡಿಮೆ ಮಾಡಿ, ಮನೆಗೆ ಬಂದ ಕೂಡಲೇ ಆ ಮ್ಯಾಪ್ ತೆಗೆಯಿರಿ. ಕಿಡಿ ಬೇಗ ಬೀಳುತ್ತಿದೆ, ಪೆಟ್ರೋಲ್ ತಡೆದುಕೊಳ್ಳುತ್ತಿಲ್ಲ. ಜಾಸ್ತಿ ಆಕ್ಟೇನ್ ಪೆಟ್ರೋಲಿಗೆ ಮಾಡಿದ ಮ್ಯಾಪನ್ನು ಮಾಮೂಲಿ ಪೆಟ್ರೋಲಿನಲ್ಲಿ ಓಡಿಸಿದರೆ ಹೀಗಾಗುತ್ತದೆ. ನಮ್ಮ ಸಣ್ಣ ಗಾಡಿಗಳಲ್ಲಿ ಹೆಚ್ಚಿನವಕ್ಕೆ ನಾಕ್ ಸೆನ್ಸರ್ ಇಲ್ಲ, ಕಾಪಾಡುವವರು ಯಾರೂ ಇಲ್ಲ. ಪಿಸ್ಟನ್ ತೂತು ಬಿದ್ದ ಗಾಡಿಯನ್ನು ಗ್ಯಾರೇಜಿನಲ್ಲಿ ನೋಡಿದ್ದೇನೆ. ಬೆಳ್ಳಗಿನ ಪಿಸ್ಟನ್ ಮೇಲೆ ಐದು ರೂಪಾಯಿ ನಾಣ್ಯದಷ್ಟು ಕರಗಿದ ಕುಳಿ. ದಯವಿಟ್ಟು ಈ ಸದ್ದನ್ನು ಕೇಳಿಯೂ ಓಡಿಸಬೇಡಿ.

ಇ20 ಪೆಟ್ರೋಲ್ ಬಂದ್ಮೇಲೆ ಹಳೇ ಮ್ಯಾಪ್ ಸಾಕಾ?

ಇ20 ಅಂದರೆ 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್, ಇ10 ಅಂದರೆ 10 ಪರ್ಸೆಂಟ್. ಎಥೆನಾಲಿಗೆ 1 ಪಾಲಿಗೆ ಸುಮಾರು 9 ಪಾಲು ಗಾಳಿ ಸಾಕು. ಅದಕ್ಕೆ ಇ10ರಲ್ಲಿ ಲೆಕ್ಕ 14.1ರ ಹತ್ತಿರ, ಇ20ರಲ್ಲಿ 13.5ರ ಹತ್ತಿರ ಬರುತ್ತದೆ. ಅಂದರೆ ಇ10ಕ್ಕೆ ಮಾಡಿದ ಮ್ಯಾಪಿಗೆ ಇ20 ಹಾಕಿದರೆ ಸುಮಾರು 4 ಪರ್ಸೆಂಟ್ ಕಡಿಮೆ ಬೀಳುತ್ತದೆ. ನಿಧಾನಕ್ಕೆ ಓಡಿಸುವಾಗ ಕ್ಲೋಸ್ಡ್ ಲೂಪ್ ಅದನ್ನು ಸರಿದೂಗಿಸುತ್ತದೆ. ಪೂರ್ತಿ ಆಕ್ಸಿಲರೇಟರಿನಲ್ಲಿ ನೀವೇ ನೋಡಿಕೊಳ್ಳಬೇಕು. ಸೆನ್ಸರ್ ಕಟ್ ಮಾಡಿ ಓಡಿಸುವವರಿಗೆ ಎಲ್ಲ ಕಡೆಯೂ ಕಡಿಮೆಯೇ. ಹಳೆಯ ಮ್ಯಾಪ್ ಇದ್ದವರು ಮಾಡಿಕೊಟ್ಟವರ ಹತ್ತಿರ ಹೊಸದು ಕೇಳಿ. ತಿಂಗಳುಗಟ್ಟಲೆ ಓಡಿಸದೆ ಇಡುವ ಗಾಡಿಯಲ್ಲಿ ಎಥೆನಾಲ್ ನೀರು ಹೀರುತ್ತದೆ ಅನ್ನುವುದೂ ನೆನಪಿರಲಿ.

## ಲೈಟು, ಲ್ಯಾಪ್‌ಟಾಪು, ಮ್ಯಾಪು

ಚೆಕ್ ಇಂಜಿನ್ ಲೈಟ್ ಹತ್ತಿದೆ. ಬ್ಯಾಟರಿ ಬಿಚ್ಚಿ ಆರಿಸಲಾ?

ಇಸಿಯು ಬರೆದಿಟ್ಟ ತಪ್ಪಿನ ಕೋಡನ್ನು ಮೊದಲು ಸ್ಕ್ಯಾನರಿನಲ್ಲಿ ಓದಿಸಿ, ಆಮೇಲೆ ಆರಿಸಿ. ಲೈಟ್ ಆರಿಸಿದರೆ ಸುಳಿವೂ ಹೋಗುತ್ತದೆ. ಪಿ0130 ಬಂದರೆ ಆಕ್ಸಿಜನ್ ಸೆನ್ಸರಿನ ವೈರಿಂಗ್. ಪಿ0201 ಒಂದನೇ ಇಂಜೆಕ್ಟರಿನ ವೈರಿಂಗ್. ಪಿ0120 ಥ್ರಾಟಲ್ ಸೆನ್ಸರ್, ಪಿ0335 ಕ್ರ್ಯಾಂಕ್ ಸೆನ್ಸರ್. ಬಾಕ್ಸ್ ಹಾಕಿದ ದಿನವೇ ಇವು ಬಂದರೆ ಆ ಕಪ್ಲರ್ ನೋಡಿ, ಸೆನ್ಸರ್ ಕೊಳ್ಳಲು ಓಡಬೇಡಿ. ಪಿ0171 ಪೆಟ್ರೋಲ್ ಕಡಿಮೆ, ಪಿ0172 ಜಾಸ್ತಿ. ಇವೆರಡು ವೈರಿನದ್ದಲ್ಲ. ಮ್ಯಾಪ್ ಅಥವಾ ಲೀಕ್ ಹುಡುಕಬೇಕು.

ಲ್ಯಾಪ್‌ಟಾಪಿಗೆ ಬಾಕ್ಸ್ ಕಾಣ್ತಿಲ್ಲ.

ಕೇಬಲ್ ಬದಲಿಸಿ. ಮೊಬೈಲ್ ಚಾರ್ಜಿಂಗಿಗೆ ಬರುವ ಕೆಲವು ಕೇಬಲ್ಲಿನಲ್ಲಿ ಡೇಟಾ ವೈರೇ ಇರುವುದಿಲ್ಲ. ಡ್ರೈವರ್ ಹಾಕಿದೆಯೇ, ಕೀ ಆನ್ ಇದೆಯೇ ನೋಡಿ. ಮ್ಯಾಪ್ ಹೋಗುತ್ತಿರುವಾಗ ಕೀ ಮುಟ್ಟಬೇಡಿ.

ಗೆಳೆಯನದ್ದೂ ಅದೇ ಗಾಡಿ. ಅವನ ಮ್ಯಾಪ್ ಹಾಕ್ಕೊಳ್ಲಾ?

ಒಂದೇ ಹೆಸರಿನ ಗಾಡಿಯಾದರೂ ಹಳೆಯ ಹೊಗೆ ನಿಯಮದ ಬಿಎಸ್4 ಮತ್ತು ಹೊಸ ನಿಯಮದ ಬಿಎಸ್6ರ ಇಸಿಯು ಬೇರೆ. ಬಿಎಸ್6 ಕಡ್ಡಾಯವಾದ 2020ರ ಏಪ್ರಿಲ್ 1ರ ಆಚೆ ಈಚೆಯ ಗಾಡಿಗಳ ಮ್ಯಾಪ್ ಅದಲು ಬದಲು ಮಾಡಬೇಡಿ. ವರ್ಷ, ಸೈಲೆನ್ಸರ್, ಫಿಲ್ಟರ್ ಮೂರೂ ಒಂದೇ ಇದ್ದರೆ ಪೆಟ್ರೋಲಿನ ಟೇಬಲ್ಲನ್ನು ಶುರುವಿಗೆ ಹಾಕಿ ನೋಡಬಹುದು. ಟೈಮಿಂಗ್ ಟೇಬಲ್ ಮಾತ್ರ ಬೇಡ.

ನಾನೇ ಮ್ಯಾಪ್ ತಿದ್ದಬಹುದಾ?

ತಿದ್ದಬಹುದು. ಆದರೆ ಅಳತೆ ಇಲ್ಲದೆ ತಿದ್ದಬೇಡಿ. ಗಾಡಿಯ ಸೆನ್ಸರಿಗೆ ಜಾಸ್ತಿ, ಕಡಿಮೆ ಅಂತ ಹೇಳಲು ಮಾತ್ರ ಬರುತ್ತದೆ. ಎಷ್ಟು ಅಂತ ಹೇಳಲು ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಬೆಂಡ್ ಪೈಪಿಗೆ ಒಂದು ನಟ್ ವೆಲ್ಡ್ ಮಾಡಿಸಿ ಅದನ್ನು ಹಾಕುತ್ತಾರೆ.

ಲೆಕ್ಕ ಸುಲಭ. ಒಂದು ಉದಾಹರಣೆ ನೋಡಿ. 6000 ಆರ್‌ಪಿಎಮ್, ಪೂರ್ತಿ ಆಕ್ಸಿಲರೇಟರಿನಲ್ಲಿ ವೈಡ್‌ಬ್ಯಾಂಡ್ 13.8 ತೋರಿಸಿತು, ಅಂದರೆ 1 ಪಾಲು ಪೆಟ್ರೋಲಿಗೆ 13.8 ಪಾಲು ಗಾಳಿ. ನಮಗೆ ಬೇಕಾದದ್ದು 13.0. 13.8ನ್ನು 13.0ರಿಂದ ಭಾಗಿಸಿದರೆ 1.06. ಆ ಮನೆಗೆ +6. ಸುತ್ತಲಿನ ಮನೆಗಳಿಗೂ +4, +3 ಹೀಗೆ ಇಳಿಸುತ್ತಾ ಕೊಡಿ. ಒಂದೇ ಮನೆ ಎತ್ತರ ಮಾಡಿ ಪಕ್ಕದ್ದು ತಗ್ಗು ಬಿಟ್ಟರೆ ಓಡಿಸುವಾಗ ಎತ್ತಿನಗಾಡಿ ಹಳ್ಳ ದಿಣ್ಣೆ ಹತ್ತಿದ ಹಾಗಾಗುತ್ತದೆ. ಪೂರ್ತಿ ಆಕ್ಸಿಲರೇಟರಿಗೆ 12.8ರಿಂದ 13.2 ಒಳ್ಳೆಯ ಗುರಿ. ಹೈವೇ ಸ್ಪೀಡಿಗೆ 14ರ ಹತ್ತಿರ ಇದ್ದರೆ ಮೈಲೇಜೂ ಉಳಿಯುತ್ತದೆ. ಪ್ರತಿ ಮ್ಯಾಪನ್ನೂ ತಾರೀಖು ಹಾಕಿ ಬೇರೆ ಹೆಸರಿನಲ್ಲಿ ಉಳಿಸಿ. ಓಡಿಸುತ್ತಾ ಸ್ಕ್ರೀನ್ ನೋಡಬೇಡಿ. ರೆಕಾರ್ಡ್ ಆಗಲು ಬಿಟ್ಟು ಮನೆಗೆ ಬಂದು ನೋಡಿ, ಇಲ್ಲವೇ ಡೈನೋ (ಗಾಡಿಯನ್ನು ರೋಲರ್ ಮೇಲೆ ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಇರುವ ಕಡೆ ಹೋಗಿ. ಟೈಮಿಂಗ್ ಟೇಬಲ್ಲನ್ನು ಡೈನೋ ಇಲ್ಲದೆ ಮುಟ್ಟಲೇಬೇಡಿ.

ಮುಳ್ಳಯ್ಯನಗಿರಿಗೆ, ಲಡಾಖಿಗೆ ಹೋದ್ರೆ ಮ್ಯಾಪ್ ಬದಲಿಸಬೇಕಾ?

ಬೇಕಿಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಇಸಿಯು ತನ್ನ ಪ್ರೆಶರ್ ಸೆನ್ಸರಿನಿಂದ ಅದನ್ನು ತಿಳಿದು ಪೆಟ್ರೋಲ್ ಇಳಿಸುತ್ತದೆ. ಬಾಕ್ಸ್ ಆ ಇಳಿಸಿದ ಲೆಕ್ಕಕ್ಕೇ ಪರ್ಸೆಂಟ್ ಸೇರಿಸುತ್ತದೆ. ಆದರೂ 5000 ಮೀಟರ್ ದಾಟುವ ಪಾಸ್‌ಗಳಿಗೆ ಹೋಗುವವರು ಬೈಪಾಸ್ ಪ್ಲಗ್ಗನ್ನು ಸೀಟಿನ ಕೆಳಗೆ ಇಟ್ಟುಕೊಂಡೇ ಹೋಗಿ. ಅಲ್ಲಿ ಬಾಕ್ಸ್ ಕೈಕೊಟ್ಟರೆ ಲ್ಯಾಪ್‌ಟಾಪ್ ತರುವವರು ಯಾರೂ ಇಲ್ಲ.

ವಾರಂಟಿ, ಇನ್ಶೂರೆನ್ಸ್, ಪೊಲೀಸ್... ಏನಾದ್ರೂ ತೊಂದರೆ ಆಗುತ್ತಾ?

ವಾರಂಟಿ ಇರುವ ಗಾಡಿಗೆ ಹಾಕುವ ಮುಂಚೆ ವಾರಂಟಿ ಪುಸ್ತಕ ಓದಿ. ಇಂಜಿನ್, ವೈರಿಂಗ್ ಭಾಗದ ಕ್ಲೇಮ್ ತಿರಸ್ಕರಿಸಲು ಅದು ಕಾರಣವಾಗಬಹುದು. ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಕಂಪನಿ ಕೊಟ್ಟ ಗಾಡಿಯನ್ನು ಬದಲಾಯಿಸುವ ವಿಷಯ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿದೆ. ಹೊಗೆ ಮತ್ತು ಸದ್ದಿನ ಮಿತಿ ಮೀರಿದರೆ 190ನೇ ಸೆಕ್ಷನ್ನಿನಡಿ 10,000 ರೂಪಾಯಿವರೆಗೆ ದಂಡ ಬೀಳಬಹುದು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕತ್ತರಿಸಿ ಹಾಕಿಸಬೇಡಿ. ನಮ್ಮ ಮಕ್ಕಳೂ ಇದೇ ಗಾಳಿ ಕುಡಿಯುವುದು.

ಎಲ್ಲಾ ನೋಡಿದೆ, ಇನ್ನೂ ಸರಿಯಾಗಿಲ್ಲ. ಬಾಕ್ಸ್ ಮಾಡಿದವರಿಗೆ ಏನಂತ ಬರೀಲಿ?

ಗಾಡಿ ಸರಿ ಓಡ್ತಿಲ್ಲ ಅಂತಷ್ಟೇ ಬರೆದರೆ ಅವರಿಗೂ ಏನೂ ತಿಳಿಯುವುದಿಲ್ಲ. ಗಾಡಿಯ ಮಾಡೆಲ್, ವರ್ಷ, ಬಿಎಸ್4 ಅಥವಾ ಬಿಎಸ್6, ಎಷ್ಟು ಕಿಲೋಮೀಟರ್ ಓಡಿದೆ ಬರೆಯಿರಿ. ಬಾಕ್ಸಿನ ಸೀರಿಯಲ್ ನಂಬರ್, ಈಗ ಇರುವ ಮ್ಯಾಪ್ ಫೈಲ್ ಸೇರಿಸಿ. ಸೈಲೆನ್ಸರ್, ಫಿಲ್ಟರ್ ಯಾವುದು ಹೇಳಿ. ತೊಂದರೆ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಯಾವ ಆರ್‌ಪಿಎಮ್ಮಿನಲ್ಲಿ, ಎಷ್ಟು ಆಕ್ಸಿಲರೇಟರಿನಲ್ಲಿ ಅಂತ ಬರೆಯಿರಿ. ಜೀರೊ ಮ್ಯಾಪಿನಲ್ಲಿ ಏನಾಯಿತು, ಬಾಕ್ಸ್ ಬಿಡಿಸಿದಾಗ ಏನಾಯಿತು ಅನ್ನುವ ಎರಡು ಸಾಲು ಇರಲೇಬೇಕು. ಬ್ಯಾಟರಿಯ ಮೂರು ವೋಲ್ಟೇಜ್ ಬರೆಯಿರಿ: ನಿಂತಾಗ, ಸೆಲ್ಫ್ ಒತ್ತಿದಾಗ, ಇಂಜಿನ್ ಓಡುವಾಗ. ಓಡುವಾಗ 13.5ರಿಂದ 14.5 ಇರಬೇಕು. ಕೊನೆಗೆ ಒಂದು ನಿಮಿಷದ ವಿಡಿಯೋ ಕಳಿಸಿ, ಮೀಟರ್ ಕಾಣುವ ಹಾಗೆ, ಇಂಜಿನ್ ಸದ್ದು ಕೇಳುವ ಹಾಗೆ.